ಬಲ್ಬ್ ಪದೇ ಪದೇ ಹೋಗುತ್ತಿದೆಯಾ? ಹೊಸದು ಹಾಕುವ ಮುಂಚೆ ಕಾರಣ ಹುಡುಕಿ

ಒಂದೇ ಹೋಲ್ಡರ್‌ನಲ್ಲಿ ಬಲ್ಬ್ ಮತ್ತೆ ಮತ್ತೆ ಹೋದರೆ ನಾವು ಸಾಮಾನ್ಯವಾಗಿ ಕಂಪನಿಯನ್ನು ಬೈದು, ಬೇರೆ ಕಂಪನಿಯದು ತಂದು ಹಾಕುತ್ತೇವೆ. ಅದೂ ಹೋಗುತ್ತದೆ. ಕಳಪೆ ಬಲ್ಬ್‌ಗಳು ಇರುವುದು ನಿಜ. ಆದರೆ ಬೇರೆ ಬೇರೆ ಕಂಪನಿಯ ಬಲ್ಬ್‌ಗಳೂ ಅದೇ ಜಾಗದಲ್ಲಿ ಹೋಗುತ್ತಿದ್ದರೆ ತೊಂದರೆ ಇರುವುದು ಆ ಜಾಗದಲ್ಲಿ. ಹೋಲ್ಡರ್, ವೈರಿಂಗ್, ಶಾಖ, ವೋಲ್ಟೇಜ್, ಇವುಗಳಲ್ಲಿ ಯಾವುದೋ ಒಂದು ಬಲ್ಬನ್ನು ತಿನ್ನುತ್ತಿರುತ್ತದೆ. ಅದನ್ನು ಹುಡುಕದೆ ಬಲ್ಬ್ ಬದಲಿಸುತ್ತಾ ಹೋದರೆ ದುಡ್ಡು ದಂಡ. ಇದರಲ್ಲಿ ಒಂದೆರಡು ಕಾರಣಗಳಂತೂ ಮನೆಗೆ ಬೆಂಕಿ ಹತ್ತಿಸುವಂಥವು. ಹಾಗಾಗಿ ಇದನ್ನು ಸಣ್ಣ ವಿಷಯ ಅಂತ ಬಿಡಬೇಡಿ.

ಶುರು ಮಾಡುವ ಮುಂಚೆ ಒಂದು ಮಾತು. ಹೋಲ್ಡರ್ ಮುಟ್ಟುವ ಯಾವ ಕೆಲಸಕ್ಕೂ ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಕೆಲವು ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ (ಕರೆಂಟ್ ತರುವ ವೈರ್) ಬದಲು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ) ವೈರಿಗೆ ಹಾಕಿರುತ್ತಾರೆ. ಅಂಥ ಕಡೆ ಸ್ವಿಚ್ ಆಫ್ ಇದ್ದರೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ. ಆ ಸಾಲಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ, ಮೇನ್ ಬೋರ್ಡಿನ ಸ್ವಿಚ್) ಇಳಿಸಿ, ಇಲ್ಲವೇ ಮೇನ್ ಆಫ್ ಮಾಡಿ. ಆಮೇಲೆ ಟೆಸ್ಟರ್ ಇಟ್ಟು ನೋಡಿ. ಆ ಟೆಸ್ಟರ್ ಸರಿಯಿದೆಯಾ ಅಂತ ಮೊದಲು ಕರೆಂಟ್ ಇರುವ ಇನ್ನೊಂದು ಪಾಯಿಂಟ್‌ನಲ್ಲಿ ಪರೀಕ್ಷೆ ಮಾಡಿಕೊಳ್ಳಿ.

ನಿಜವಾಗಿಯೂ ಬೇಗ ಹೋಗುತ್ತಿದೆಯಾ?

ಹಳೇ ಫಿಲಮೆಂಟ್ ಬಲ್ಬ್‌ನ ಆಯಸ್ಸು ಸುಮಾರು 1000 ಗಂಟೆ. ದಿನಕ್ಕೆ 5 ಗಂಟೆ ಉರಿಸಿದರೆ 200 ದಿನ, ಅಂದರೆ ಆರೂವರೆ ತಿಂಗಳು. ಅಂಥ ಬಲ್ಬ್ ವರ್ಷಕ್ಕೆ ಎರಡು ಹೋದರೆ ಅದು ದೋಷ ಅಲ್ಲ. 1924ರಲ್ಲಿ ದೊಡ್ಡ ಬಲ್ಬ್ ಕಂಪನಿಗಳು ಜಿನೀವಾದಲ್ಲಿ ಫೀಬಸ್ ಅನ್ನೋ ಕೂಟ ಕಟ್ಟಿಕೊಂಡು ಇದೇ 1000 ಗಂಟೆಯನ್ನು ಮಟ್ಟವಾಗಿ ಇಟ್ಟುಕೊಂಡಿದ್ದವು. ಗ್ರಾಹಕರಿಗೆ ಅದು ಅನ್ಯಾಯ ಅನ್ನೋ ಮಾತಿನಲ್ಲಿ ಹುರುಳಿದೆ. ಜೊತೆಗೆ ಇನ್ನೊಂದು ವಿಷಯವೂ ನಿಜ: ಫಿಲಮೆಂಟ್ ಜಾಸ್ತಿ ದಿನ ಬರಬೇಕು ಅಂದರೆ ಅದನ್ನು ಕಡಿಮೆ ಬಿಸಿಯಲ್ಲಿ ಉರಿಸಬೇಕು. ಆಗ ಅಷ್ಟೇ ಕರೆಂಟಿಗೆ ಬೆಳಕು ಕಡಿಮೆ ಬರುತ್ತದೆ.

ಹ್ಯಾಲೊಜೆನ್ ಬಲ್ಬ್ 2000 ಗಂಟೆಯ ಆಸುಪಾಸು ಬರುತ್ತದೆ. ಸಿಎಫ್‌ಎಲ್‌ಗೆ 6000ದಿಂದ 10000 ಗಂಟೆ. ಎಲ್‌ಇಡಿ ಬಾಕ್ಸ್ ಮೇಲೆ 15000 ಅಥವಾ 25000 ಅಂತ ಇರುತ್ತದೆ. ದಿನಕ್ಕೆ 5 ಗಂಟೆಯಂತೆ 15000 ಗಂಟೆ ಅಂದರೆ ಎಂಟು ವರ್ಷ. ಆ ಎಲ್‌ಇಡಿ ಒಂದು ವರ್ಷದಲ್ಲೇ ಹೋದರೆ ಕಾರಣ ಕೇಳುವುದು ನ್ಯಾಯ. ಆದರೆ ಈ ಗಂಟೆ ಲೆಕ್ಕ ಹೆಚ್ಚಾಗಿ ಒಳಗೆ ಬೆಳಕು ಕೊಡುವ ಸಣ್ಣ ಚಿಪ್‌ನ ಬೆಳಕು ಶುರುವಿನ ಶೇ. 70ಕ್ಕೆ ಇಳಿಯುವ ಹೊತ್ತನ್ನು ಹೇಳುತ್ತದೆ. ಬಲ್ಬ್‌ನ ಕುತ್ತಿಗೆಯೊಳಗೆ ಡ್ರೈವರ್ ಅನ್ನೋ ಸಣ್ಣ ಸರ್ಕ್ಯೂಟ್ ಇದೆ. ಮನೆಯಲ್ಲಿ ಸಾಯುವ ಎಲ್‌ಇಡಿಗಳಲ್ಲಿ ಬಹಳಷ್ಟು ಸಲ ಮೊದಲು ಕೈಕೊಡುವುದು ಅದು.

ಹೊಸ ಬಲ್ಬ್ ಹಾಕುವಾಗ ಅದರ ಕುತ್ತಿಗೆ ಮೇಲೆ ಮಾರ್ಕರ್‌ನಿಂದ ತಾರೀಖು ಬರೆದುಬಿಡಿ. "ಮೊನ್ನೆ ಮೊನ್ನೆ ಹಾಕಿದ್ದು" ಅಂತ ಅನ್ನಿಸುವ ಬಲ್ಬ್‌ಗೆ ಎಷ್ಟೋ ಸಲ ಎರಡು ವರ್ಷ ಆಗಿರುತ್ತದೆ. ತಾರೀಖು ಇದ್ದರೆ ವಾರಂಟಿ ಕೇಳುವುದಕ್ಕೂ ಸುಲಭ.

ಎಲ್ಲಿ ಹೋಯಿತು, ಯಾವಾಗ ಹೋಯಿತು?

ಅರ್ಧ ಉತ್ತರ ಈ ಎರಡು ಪ್ರಶ್ನೆಯಲ್ಲೇ ಸಿಗುತ್ತದೆ. ಒಂದೇ ಹೋಲ್ಡರ್‌ನಲ್ಲಿ ಹೋಗುತ್ತಿದ್ದರೆ ಹೋಲ್ಡರ್, ಅದರ ಮೇಲಿನ ಮುಚ್ಚಳ, ಅದರ ಸ್ವಿಚ್ ಅಥವಾ ಡಿಮ್ಮರ್ (ಬೆಳಕು ಹೆಚ್ಚು ಕಡಿಮೆ ಮಾಡುವ ಗುಂಡಿ) ನೋಡಬೇಕು. ಒಂದು ಕೋಣೆ ಅಥವಾ ಒಂದು ಸಾಲಿನ ದೀಪಗಳೆಲ್ಲ ಹೋಗುತ್ತಿದ್ದರೆ ಆ ಸಾಲಿನ ಜಂಕ್ಷನ್ ಬಾಕ್ಸ್, ಬೋರ್ಡಿನ ಸ್ಕ್ರೂ, ಎಂಸಿಬಿ. ಮನೆಯ ಎಲ್ಲ ಕಡೆಯೂ ಹೋಗುತ್ತಿದ್ದರೆ ವೋಲ್ಟೇಜ್ ಅಥವಾ ನ್ಯೂಟ್ರಲ್. ದೀಪ ಮಿಣುಕುವುದಕ್ಕೂ ಇದೇ ಲೆಕ್ಕ. ಒಂದು ದೀಪ ಮಿಣುಕಿದರೆ ಅಲ್ಲೇ ತೊಂದರೆ, ಇಡೀ ಮನೆ ಮಿಣುಕಿದರೆ ಮೀಟರ್ ಕಡೆ ಅಥವಾ ಹೊರಗಿನ ಲೈನ್ ಕಡೆ.

ಯಾವಾಗ ಅನ್ನೋದೂ ಮುಖ್ಯ. ಕರೆಂಟ್ ಹೋಗಿ ವಾಪಸ್ ಬಂದ ಕೂಡಲೇ ಹೋಯಿತಾ? ಗುಡುಗು ಮಿಂಚಿನ ದಿನ ಹೋಯಿತಾ? ಗಂಟೆಗಟ್ಟಲೆ ಉರಿದ ಮೇಲೆ ಹೋಯಿತಾ? ಮೊದಲೆರಡು ಲೈನಿನಲ್ಲಿ ಬರುವ ವೋಲ್ಟೇಜ್ ಏಟಿನ ಕಡೆ ಕೈ ತೋರಿಸುತ್ತವೆ, ಮೂರನೆಯದು ಶಾಖದ ಕಡೆ. ಫಿಲಮೆಂಟ್ ಬಲ್ಬ್ ಸ್ವಿಚ್ ಹಾಕಿದ ಕ್ಷಣ ಫಟ್ ಅಂದರೆ ಸ್ವಿಚ್ಚನ್ನು ಅನುಮಾನಿಸಬೇಡಿ. ತಣ್ಣಗಿರುವ ಫಿಲಮೆಂಟಿನ ತಡೆ ಬಿಸಿಯಾದಾಗ ಇರುವುದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಹಾಗಾಗಿ ಆ ಕ್ಷಣ ಹತ್ತು ಪಟ್ಟಿಗೂ ಜಾಸ್ತಿ ಕರೆಂಟ್ ನುಗ್ಗುತ್ತದೆ, ಸವೆದು ನಿಂತ ತಂತಿ ಆಗಲೇ ತುಂಡಾಗುತ್ತದೆ. ಕೆಲವೊಮ್ಮೆ ಅದರ ಜೊತೆ ಎಂಸಿಬಿಯೂ ಬೀಳುತ್ತದೆ. ಇದು ಸಹಜ.

ಇನ್ನು ಅದಲು ಬದಲು ಪರೀಕ್ಷೆ. ಒಂದೇ ಕಂಪನಿಯ, ಒಂದೇ ವ್ಯಾಟಿನ ಎರಡು ಬಲ್ಬ್ ತೆಗೆದುಕೊಳ್ಳಿ. ಒಂದನ್ನು ಕಾಟ ಕೊಡುವ ಹೋಲ್ಡರ್‌ಗೆ, ಇನ್ನೊಂದನ್ನು ಯಾವತ್ತೂ ತೊಂದರೆ ಕೊಡದ ಹೋಲ್ಡರ್‌ಗೆ ಹಾಕಿ. ಮೊದಲನೆಯದು ಮಾತ್ರ ಮತ್ತೆ ಹೋದರೆ ಬಲ್ಬ್ ನಿರಪರಾಧಿ. ಎರಡೂ ಹೋದರೆ ಬಲ್ಬ್ ಕಳಪೆ ಅಥವಾ ಇಡೀ ಮನೆಯ ವೋಲ್ಟೇಜ್ ಕೆಟ್ಟಿದೆ. ಇದಕ್ಕೆ ತಾಳ್ಮೆ ಬೇಕು, ನಿಜ. ಆದರೆ ಇಷ್ಟು ಸ್ಪಷ್ಟ ಉತ್ತರ ಕೊಡುವ ಬೇರೆ ಪರೀಕ್ಷೆ ಇಲ್ಲ.

ಹೋದ ಬಲ್ಬನ್ನು ಎಸೆಯುವ ಮುಂಚೆ ನೋಡಿ

ಫಿಲಮೆಂಟ್ ಬಲ್ಬ್‌ನ ಗಾಜು ಒಳಗೆ ಕಪ್ಪಾಗಿದ್ದರೆ ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಅಂಟಿದೆ ಅಂತ ಅರ್ಥ. ತುಂಬಾ ದಿನ ಉರಿದ ಬಲ್ಬ್‌ನಲ್ಲಿ ಇದು ಸಹಜ. ಹೊಸ ಬಲ್ಬ್‌ನಲ್ಲೇ ಕಪ್ಪಾದರೆ ವೋಲ್ಟೇಜ್ ಜಾಸ್ತಿ ಇರಬಹುದು. ಗಾಜು ತಿಳಿಯಾಗಿದ್ದು ತಂತಿ ಮಾತ್ರ ತುಂಡಾಗಿದ್ದರೆ ಅಲುಗಾಟ ಕಾರಣ ಇರಬಹುದು. ಒಳಗೆ ಬಿಳಿ ಪುಡಿ ಕೂತಿದ್ದರೆ ಗಾಜಿನಲ್ಲಿ ಎಲ್ಲೋ ಬಿರುಕು ಬಿಟ್ಟು ಗಾಳಿ ಸೇರಿದೆ.

ಎಲ್‌ಇಡಿಯಲ್ಲಿ ಕುತ್ತಿಗೆಯ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಶಾಖ. ಹಚ್ಚಿದಾಗ ಉರಿದು, ಬಿಸಿಯಾದ ಮೇಲೆ ಆರಿ, ತಣ್ಣಗಾದ ಮೇಲೆ ಮತ್ತೆ ಹತ್ತಿಕೊಂಡರೆ ಅದೂ ಶಾಖದ ಲಕ್ಷಣವೇ. ಒಳಗಿನ ಬೆಸುಗೆ ಬಿಟ್ಟುಕೊಂಡರೂ ಹೀಗೇ ಆಗುತ್ತದೆ. ಪಿನ್ ಅಥವಾ ಬುಡದ ಸೀಸದ ಬೊಟ್ಟಿನಲ್ಲಿ ಕರಿ, ಗುಳಿ, ಕರಗಿದ ಗುರುತು ಇದ್ದರೆ ಹೋಲ್ಡರ್ ಲೂಸ್ ಇದೆ. ಈ ಕೊನೆಯ ಗುರುತು ಕಂಡರೆ ಆ ಹೋಲ್ಡರ್‌ಗೆ ಇನ್ನೊಂದು ಬಲ್ಬ್ ಹಾಕಲೇಬೇಡಿ, ಮುಂದಿನ ಭಾಗ ಓದಿ.

ಎಲ್‌ಇಡಿ ಬಲ್ಬ್‌ನ ಗುಮ್ಮಟ ತೆಗೆದು, ಕಪ್ಪು ಚುಕ್ಕೆ ಬಿದ್ದ ಚಿಪ್ಪಿಗೆ ಬೆಸುಗೆ ಹಾಕಿ ಮತ್ತೆ ಉರಿಸುವ ವಿಡಿಯೊಗಳು ಬಹಳ ಇವೆ. ಚಿಪ್ಪುಗಳು ಸರಣಿಯಲ್ಲಿ ಇರುವುದರಿಂದ ಒಂದು ಹೋದರೆ ಎಲ್ಲವೂ ಆರುತ್ತವೆ, ಹಾಗಾಗಿ ಆ ಉಪಾಯ ಕೆಲಸ ಮಾಡುತ್ತದೆ. ಆದರೂ ನಾನು ಬೇಡ ಅನ್ನುತ್ತೇನೆ. ಒಂದು ಚಿಪ್ ಸುಟ್ಟ ಶಾಖದಲ್ಲೇ ಉಳಿದವೂ ಬೆಂದಿರುತ್ತವೆ, ಹೆಚ್ಚು ದಿನ ಬರುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಬಹಳ ಬಲ್ಬ್‌ಗಳಲ್ಲಿ ಆ ಚಿಪ್ಪುಗಳ ಬೆಸುಗೆಗೆ ನೇರವಾಗಿ ಮೇನ್ ಕರೆಂಟಿನ ಸಂಪರ್ಕ ಇರುತ್ತದೆ. ಗುಮ್ಮಟ ಇಲ್ಲದ ಬಲ್ಬನ್ನು ಮುಟ್ಟುವುದು ಬರಿಗೈಯಲ್ಲಿ ಫೇಸ್ ವೈರ್ ಮುಟ್ಟಿದಷ್ಟೇ ಅಪಾಯ.

ಲೂಸ್ ಹೋಲ್ಡರ್

ಒಂದೇ ಜಾಗದ ತೊಂದರೆಯಾದರೆ ನಾನು ಮೊದಲು ನೋಡುವುದು ಇದನ್ನೇ. ಸಂಪರ್ಕ ಸಡಿಲ ಇದ್ದಾಗ ಸಣ್ಣ ಸ್ಪಾರ್ಕ್ ಆಗುತ್ತಲೇ ಇರುತ್ತದೆ. ಕಿವಿಗೊಟ್ಟರೆ ಕೆಲವೊಮ್ಮೆ ಚರ್ ಅನ್ನೋ ಸದ್ದೂ ಕೇಳುತ್ತದೆ. ಸಂಪರ್ಕ ತಪ್ಪಿ ಕೂಡಿದಾಗೆಲ್ಲ ಎಲ್‌ಇಡಿಯ ಡ್ರೈವರ್‌ಗೆ ಒಂದು ಏಟು ಬೀಳುತ್ತದೆ. ಸ್ಪಾರ್ಕಿನ ಶಾಖ ಬಲ್ಬ್‌ನ ಬುಡಕ್ಕೂ ಹೋಗುತ್ತದೆ, ಹೋಲ್ಡರ್‌ಗೂ ಹೋಗುತ್ತದೆ. ಬಿಸಿಗೆ ಸ್ಪ್ರಿಂಗ್ ಇನ್ನೂ ಮೆತ್ತಗಾಗುತ್ತದೆ, ಆಗ ಸಂಪರ್ಕ ಇನ್ನೂ ಸಡಿಲ ಆಗುತ್ತದೆ. ಹೀಗೆ ಬೆಳೆಯುತ್ತಾ ಹೋಗುವ ದೋಷ ಇದು, ತಾನಾಗಿ ಸರಿಹೋಗುವುದಿಲ್ಲ.

ಎಂಸಿಬಿ ಇಳಿಸಿ, ಬಲ್ಬ್ ತಣ್ಣಗಾದ ಮೇಲೆ ತೆಗೆಯಿರಿ. ಪಿನ್ ಹೋಲ್ಡರ್ ಆದರೆ ಒಳಗಿನ ಎರಡು ಸ್ಪ್ರಿಂಗ್ ಪಿನ್ನುಗಳನ್ನು ಒಣ ಮರದ ಕಡ್ಡಿಯಿಂದ ಒತ್ತಿ ನೋಡಿ. ಎರಡೂ ಒಂದೇ ಬಲದಲ್ಲಿ ವಾಪಸ್ ಚಿಮ್ಮಬೇಕು. ಒಂದು ಒಳಗೇ ಕೂತರೆ ಅಥವಾ ತುದಿ ಕರಿಯಾಗಿದ್ದರೆ ಹೋಲ್ಡರ್ ಬದಲಿಸಿ. ಉಜ್ಜಿ ಹೊಳಪು ಮಾಡಿದರೆ ಕೆಲವು ದಿನ ನಡೆಯಬಹುದು, ಆದರೆ ಮೆತ್ತಗಾದ ಸ್ಪ್ರಿಂಗ್ ಮತ್ತೆ ಗಟ್ಟಿಯಾಗುವುದಿಲ್ಲ.

ತಿರುಪಿನ ಹೋಲ್ಡರ್‌ನ ತೊಂದರೆ ಬೇರೆ. ತಳದಲ್ಲಿ ಒಂದು ಸಣ್ಣ ಲೋಹದ ನಾಲಿಗೆ ಇರುತ್ತದೆ. ಬಲ್ಬನ್ನು ತೀರಾ ಬಿಗಿಯಾಗಿ ತಿರುಗಿಸಿದವರು ಅದನ್ನು ಚಪ್ಪಟೆ ಮಾಡಿರುತ್ತಾರೆ. ಆಮೇಲೆ ಹಾಕುವ ಬಲ್ಬ್ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಆ ನಾಲಿಗೆಯನ್ನು ಎರಡು ಮೂರು ಮಿಲಿಮೀಟರ್ ಮೇಲಕ್ಕೆ ಎತ್ತಿ. ಮುಂದೆ ಬಲ್ಬ್ ಹಾಕುವಾಗ ತಾಗಿದ ಮೇಲೆ ಸ್ವಲ್ಪವೇ ಬಿಗಿ ಮಾಡಿ, ಸಾಕು. ಫೇಸ್ ವೈರ್ ಈ ನಡುವಿನ ನಾಲಿಗೆಗೇ ಬರಬೇಕು, ನ್ಯೂಟ್ರಲ್ ಸುತ್ತಲಿನ ತಿರುಪಿಗೆ. ಅದಲು ಬದಲಾಗಿದ್ದರೆ ಬಲ್ಬ್ ಉರಿಯುತ್ತದೆ, ಆದರೆ ಬಲ್ಬ್ ಬಿಚ್ಚುವಾಗ ಬೆರಳು ತಾಗುವ ಭಾಗದಲ್ಲಿ ಕರೆಂಟ್ ಇರುತ್ತದೆ.

ಹೋಲ್ಡರ್ ಬಿಚ್ಚಿದಾಗ ವೈರಿನ ತುದಿಗಳನ್ನೂ ನೋಡಿ. ತಾಮ್ರ ಕಪ್ಪಾಗಿದ್ದರೆ ಆ ಭಾಗ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಬನ್ನಿ, ಆಮೇಲೆ ಸ್ಕ್ರೂ ಬಿಗಿ ಮಾಡಿ. ವೈರಿನ ಮೇಲಿನ ಪ್ಲಾಸ್ಟಿಕ್ ಮುಟ್ಟಿದರೆ ಪುಡಿಯಾಗುತ್ತಿದ್ದರೆ ಅಲ್ಲಿಗೆ ಕೆಲಸ ನಿಲ್ಲಿಸಿ ಎಲೆಕ್ಟ್ರಿಷಿಯನ್‌ಗೆ ಹೇಳಿ. ಆ ವೈರನ್ನೇ ಬದಲಿಸಬೇಕು.

ಶಾಖ: ಎಲ್‌ಇಡಿಯ ದೊಡ್ಡ ಶತ್ರು

ಎಲ್‌ಇಡಿ ಬಿಸಿಯಾಗುವುದಿಲ್ಲ ಅನ್ನೋ ನಂಬಿಕೆ ಬಹಳ ಜನರಲ್ಲಿದೆ. ಫಿಲಮೆಂಟ್ ಬಲ್ಬ್ ತನ್ನ ಶಾಖವನ್ನು ಬೆಳಕಿನ ಜೊತೆಗೇ ಹೊರಗೆ ಚೆಲ್ಲುತ್ತದೆ. ಎಲ್‌ಇಡಿಯ ಶಾಖ ಕಡಿಮೆ, ಆದರೆ ಅದು ಚಿಪ್ಪಿನ ಹಿಂಭಾಗದಿಂದ ಕುತ್ತಿಗೆಗೆ ಇಳಿಯುತ್ತದೆ. ಡ್ರೈವರ್ ಇರುವುದೂ ಅಲ್ಲೇ ಅಲ್ವಾ? ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗೆ (ಕರೆಂಟನ್ನು ಹಿಡಿದಿಟ್ಟು ಸಮ ಮಾಡುವ ಬಿಡಿಭಾಗ) ಒಂದು ಅಂದಾಜು ಲೆಕ್ಕ ಇದೆ: ಶಾಖ 10 ಡಿಗ್ರಿ ಏರಿದರೆ ಆಯಸ್ಸು ಅರ್ಧ ಆಗುತ್ತದೆ. 20 ಡಿಗ್ರಿ ಏರಿದರೆ ಕಾಲು ಭಾಗ. ಪೂರ್ತಿ ಮುಚ್ಚಿದ ಗಾಜಿನ ಗೋಳದಲ್ಲಿ, ಗಾಳಿಯಾಡದ ಸೀಲಿಂಗ್ ಗೂಡಿನಲ್ಲಿ ಇಷ್ಟು ಏರುವುದು ಕಷ್ಟವೇನಲ್ಲ. ಬುಡ ಮೇಲೆ ಮಾಡಿ ನೇತು ಹಾಕಿದ ಬಲ್ಬ್‌ನಲ್ಲಿ ಬಿಸಿ ಗಾಳಿ ಮೇಲೇರಿ ಡ್ರೈವರ್ ಸುತ್ತಲೇ ನಿಲ್ಲುತ್ತದೆ.

ಪರೀಕ್ಷೆ ಸುಲಭ. ಮುಚ್ಚಳ ತೆಗೆದು ಹೊಸ ಬಲ್ಬ್ ಹಾಕಿ, ಹಾಗೇ ಬಿಡಿ. ಮೊದಲು ಎರಡು ಮೂರು ತಿಂಗಳಿಗೆ ಹೋಗುತ್ತಿದ್ದದ್ದು ಈಗ ಆರು ತಿಂಗಳಾದರೂ ಉರಿಯುತ್ತಿದ್ದರೆ ಕಾರಣ ಸಿಕ್ಕಿತು. ಮುಚ್ಚಳ ಬೇಕೇ ಬೇಕು ಅಂದರೆ ಕಡಿಮೆ ವ್ಯಾಟಿನದು ಹಾಕಿ. 12 ವ್ಯಾಟ್ ಇದ್ದ ಕಡೆ 7 ವ್ಯಾಟ್ ಹಾಕಿದರೆ ಶಾಖ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಇಲ್ಲವೇ ಮುಚ್ಚಿದ ಫಿಟ್ಟಿಂಗ್‌ಗೆ ಆಗುತ್ತದೆ ಅಂತ ಬಾಕ್ಸ್ ಮೇಲೆ ಬರೆದಿರುವ ಬಲ್ಬ್ ಹುಡುಕಿ. ಎಷ್ಟೋ ಬಾಕ್ಸ್‌ಗಳಲ್ಲಿ ಮುಚ್ಚಿದ ಫಿಟ್ಟಿಂಗ್‌ಗೆ ಬೇಡ ಅಂತಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ, ನಾವು ಓದುವುದಿಲ್ಲ.

ಫಿಲಮೆಂಟ್ ಅಥವಾ ಹ್ಯಾಲೊಜೆನ್ ಬಲ್ಬ್ ಬಳಸುತ್ತಿದ್ದರೆ ಫಿಟ್ಟಿಂಗ್ ಮೇಲಿನ ಗರಿಷ್ಠ ವ್ಯಾಟ್ ಮೀರಬಾರದು. 60 ಅಂತ ಇದ್ದರೆ 100 ಹಾಕಬೇಡಿ. ಬಲ್ಬ್ ಹೋಗುವುದು ಹಾಗಿರಲಿ, ವೈರ್ ಬೇಯುತ್ತದೆ. ಹ್ಯಾಲೊಜೆನ್ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಕೆಡುತ್ತದೆ.

ವೋಲ್ಟೇಜ್ ಅಳೆಯುವುದು

ಮನೆಯ ಎಲ್ಲ ಕಡೆ ಬಲ್ಬ್ ಹೋಗುತ್ತಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಹೋಲ್ಡರ್‌ನಲ್ಲಿ ಅಳೆಯುವ ಸಾಹಸ ಬೇಡ, ಪ್ಲಗ್ ಪಾಯಿಂಟ್‌ನಲ್ಲಿ ಎಸಿ ವೋಲ್ಟೇಜ್ ನೋಡಿದರೆ ಸಾಕು. 230 ವೋಲ್ಟ್ ವ್ಯವಸ್ಥೆಯಲ್ಲಿ ಶೇ. 10ರಷ್ಟು ಆಚೆ ಈಚೆ, ಅಂದರೆ 207ರಿಂದ 253, ಒಪ್ಪುವ ಮಿತಿ. 120 ವೋಲ್ಟ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ 114ರಿಂದ 126. ಒಂದೇ ಸಲ ಅಳೆದು ತೀರ್ಮಾನಕ್ಕೆ ಬರಬೇಡಿ. ಸಂಜೆ ಎಲ್ಲರೂ ಕರೆಂಟ್ ಬಳಸುವಾಗ ವೋಲ್ಟೇಜ್ ಇಳಿದಿರುತ್ತದೆ. ನಡುರಾತ್ರಿ ಲೋಡ್ ಕಡಿಮೆಯಾದಾಗ ಏರುತ್ತದೆ. ಸುತ್ತಮುತ್ತ ಸೋಲಾರ್ ಚಾವಣಿಗಳು ಜಾಸ್ತಿ ಇದ್ದರೆ ಮಧ್ಯಾಹ್ನವೂ ಏರಬಹುದು. ರಾತ್ರಿಯಿಡೀ ಉರಿಯುವ ದೀಪಗಳೇ ಮೊದಲು ಹೋಗುತ್ತಿದ್ದರೆ ನಡುರಾತ್ರಿಯ ಅಂಕಿ ನೋಡಲೇಬೇಕು.

ಫಿಲಮೆಂಟ್ ಬಲ್ಬ್‌ಗೆ ಸ್ವಲ್ಪ ಜಾಸ್ತಿ ವೋಲ್ಟೇಜೂ ತಡೆಯುವುದಿಲ್ಲ. ಶೇ. 5 ಜಾಸ್ತಿಯಾದರೆ ಆಯಸ್ಸು ಸುಮಾರು ಅರ್ಧ. ಶೇ. 10 ಜಾಸ್ತಿಯಾದರೆ ಮೂರನೇ ಒಂದು ಭಾಗವೂ ಉಳಿಯುವುದಿಲ್ಲ. ಇದರ ಇನ್ನೊಂದು ಮುಖ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಅಗ್ನಿಶಾಮಕ ಠಾಣೆಯಲ್ಲಿದೆ. ಅಲ್ಲಿ 1901ರಿಂದ ಒಂದು ಬಲ್ಬ್ ಉರಿಯುತ್ತಿದೆ. ಅದು ಉರಿಯುವುದು ಸುಮಾರು 4 ವ್ಯಾಟಿನಷ್ಟು ಮಂದವಾಗಿ, ಅದನ್ನು ಆರಿಸಿದ್ದೂ ತೀರಾ ಅಪರೂಪ. ಕಡಿಮೆ ಬಿಸಿ, ಕಡಿಮೆ ಆನ್ ಆಫ್.

ಎಲ್‌ಇಡಿಯಲ್ಲಿ ಎಲ್ಲವೂ ಡ್ರೈವರ್ ಮೇಲೆ ನಿಂತಿದೆ. ಒಳ್ಳೆಯ ಡ್ರೈವರ್ ವೋಲ್ಟೇಜ್ ಏರಿಳಿದರೂ ಚಿಪ್ಪಿಗೆ ಹೋಗುವ ಕರೆಂಟನ್ನು ಒಂದೇ ಸಮ ಇಡುತ್ತದೆ. ಅಗ್ಗದ ಬಲ್ಬ್‌ಗಳಲ್ಲಿ ಬರೀ ಒಂದು ಕೆಪಾಸಿಟರ್ ಇಟ್ಟು ಕರೆಂಟ್ ಇಳಿಸಿರುತ್ತಾರೆ, ವೋಲ್ಟೇಜ್ ಏರಿದಷ್ಟೂ ಚಿಪ್ಪಿಗೆ ಹೊರೆ ಏರುತ್ತದೆ. ವೋಲ್ಟೇಜ್ ನಂಬಿಕೆಗೆ ಬಾರದ ಕಡೆ ಬಾಕ್ಸ್ ಮೇಲೆ 100–300 ವೋಲ್ಟ್ ತರಹದ ಅಗಲವಾದ ಮಿತಿ ಬರೆದಿರುವುದನ್ನೇ ಕೊಳ್ಳಿ. 220–240 ಅಂತ ಇರುವುದು ಬೇಡ.

ಅಳತೆ ಮಿತಿ ಮೀರಿದ್ದರೆ ಸಮಯದ ಸಮೇತ ಬರೆದಿಟ್ಟು ವಿದ್ಯುತ್ ಕಂಪನಿಗೆ ದೂರು ಕೊಡಿ. ಟ್ರಾನ್ಸ್‌ಫಾರ್ಮರ್‌ನ ಟ್ಯಾಪ್ ಬದಲಿಸಿ ವೋಲ್ಟೇಜ್ ಸರಿಪಡಿಸುವುದು ಅವರ ಕೆಲಸ. ಸಿಡಿಲು ಮತ್ತು ಕ್ಷಣದ ಏಟಿಗೆ ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಬಹುದು, ಅರ್ತಿಂಗ್ ಸರಿ ಇದ್ದರೆ ಮಾತ್ರ ಅದರಿಂದ ಪೂರ್ತಿ ಪ್ರಯೋಜನ. ದಿನವಿಡೀ ಜಾಸ್ತಿ ಇರುವ ವೋಲ್ಟೇಜಿಗೆ ಅದು ಮದ್ದಲ್ಲ, ಅದೇ ಸುಟ್ಟುಹೋಗಬಹುದು. ಕರೆಂಟ್ ಹೋದಾಗ ದೀಪಗಳ ಸ್ವಿಚ್ ಆಫ್ ಮಾಡಿ, ವಾಪಸ್ ಬಂದು ಒಂದೆರಡು ನಿಮಿಷ ಆದ ಮೇಲೆ ಹಾಕುವುದು ಖರ್ಚಿಲ್ಲದ ಉಪಾಯ.

ನ್ಯೂಟ್ರಲ್ ಕೈಕೊಟ್ಟಾಗ

ಇದೊಂದನ್ನು ಎಲ್ಲರೂ ಗುರುತಿಸಲು ಕಲಿಯಬೇಕು. ಮೋಟರ್, ಹೀಟರ್ ಆನ್ ಮಾಡಿದಾಗ ದೀಪ ಒಂದು ಕ್ಷಣ ಮಂಕಾಗುವುದು ಸಾಮಾನ್ಯ. ಆದರೆ ಕೆಲವು ದೀಪ ಮಂಕಾಗಿ, ಅದೇ ಹೊತ್ತಿಗೆ ಬೇರೆ ಕೆಲವು ಕಣ್ಣು ಕುಕ್ಕುವಷ್ಟು ಜೋರಾದರೆ ನ್ಯೂಟ್ರಲ್ ಸಡಿಲ ಆಗಿದೆ ಅಥವಾ ಕಡಿದಿದೆ.

ಮೂರು ಫೇಸ್‌ಗೂ ಒಂದೇ ನ್ಯೂಟ್ರಲ್ ಇರುತ್ತದೆ. ಅದು ಕಡಿದರೆ ಬೇರೆ ಬೇರೆ ಫೇಸಿನ ಲೋಡುಗಳು ಒಂದಕ್ಕೊಂದು ಸರಣಿಯಲ್ಲಿ ಸೇರಿಕೊಳ್ಳುತ್ತವೆ. ಎರಡು ಫೇಸ್ ನಡುವಿನ 400 ವೋಲ್ಟ್ ಅವುಗಳ ನಡುವೆ ಹಂಚಿಕೆಯಾಗುತ್ತದೆ. ಹಂಚಿಕೆ ಸಮ ಇರುವುದಿಲ್ಲ. ಲೋಡ್ ಕಡಿಮೆ ಇರುವ ಕಡೆಗೆ ಜಾಸ್ತಿ ವೋಲ್ಟೇಜ್ ಹೋಗುತ್ತದೆ, 300 ದಾಟುವುದೂ ಉಂಟು. ಬರೀ ಎರಡು ದೀಪ ಉರಿಯುತ್ತಿರುವ ಮನೆಗೆ ಏಟು ಜಾಸ್ತಿ ಬೀಳುವುದು ಹೀಗೆ. 120/240 ವೋಲ್ಟಿನ ಮನೆಗಳಲ್ಲೂ ನಡುವಿನ ನ್ಯೂಟ್ರಲ್ ಹೋದರೆ ಇದೇ ಆಟ.

ಈ ಲಕ್ಷಣ ಕಂಡರೆ ಅಳೆಯುತ್ತಾ ಕೂರಬೇಡಿ. ತಕ್ಷಣ ಮೇನ್ ಆಫ್ ಮಾಡಿ. ವಿದ್ಯುತ್ ಕಂಪನಿಗೂ ಎಲೆಕ್ಟ್ರಿಷಿಯನ್‌ಗೂ ಫೋನ್ ಮಾಡಿ, ದೋಷ ಕಂಬದ ಕಡೆ ಇದೆಯೋ ಮೀಟರ್ ಒಳಗಡೆ ಇದೆಯೋ ಅವರು ನೋಡಲಿ. ಫ್ರಿಜ್, ಟಿವಿ ಎಲ್ಲಕ್ಕೂ ಇದರಿಂದ ಅಪಾಯ. ಪಕ್ಕದ ಮನೆಯವರಿಗೂ ಹೇಳಿ, ಅದೇ ಲೈನಿನಲ್ಲಿ ಅವರೂ ಇರಬಹುದು.

ಡಿಮ್ಮರ್, ಇನ್ವರ್ಟರ್, ಅಲುಗಾಟ

ಫಿಲಮೆಂಟ್ ಬಲ್ಬ್‌ಗೆ ಅಂತ ಹಾಕಿದ್ದ ಹಳೇ ಡಿಮ್ಮರ್‌ಗೆ ಸಾಮಾನ್ಯ ಎಲ್‌ಇಡಿ ಹಾಕಿದರೆ ಅದು ಮಿಣುಕುತ್ತದೆ, ಗುಂಯ್ ಅನ್ನುತ್ತದೆ, ಬೇಗ ಹೋಗುತ್ತದೆ. ಡಿಮ್ಮರ್‌ಗೆ ಹೊಂದುತ್ತದೆ ಅಂತ ಬರೆದಿರುವ ಬಲ್ಬ್ ಬೇಕು, ಎಲ್‌ಇಡಿಗೆ ಆಗುವ ಡಿಮ್ಮರೂ ಬೇಕು. ಅದಾಗದಿದ್ದರೆ ಡಿಮ್ಮರ್ ತೆಗೆಸಿ ಮಾಮೂಲಿ ಸ್ವಿಚ್ ಹಾಕಿಸಿ. ಗಂಟೆಗೆ ಹಲವು ಸಲ ಆನ್ ಆಫ್ ಆಗುವ ಕಡೆ, ಸೆನ್ಸರ್ ಇರುವ ಕಡೆ ಸಿಎಫ್‌ಎಲ್ ಬೇಡ. ಅದರ ಆಯಸ್ಸನ್ನು ತಿನ್ನುವುದೇ ಪ್ರತಿ ಸಲದ ಹೊತ್ತಿಸುವಿಕೆ. ಸಿಎಫ್‌ಎಲ್ ಒಡೆದರೆ ಕಿಟಕಿ ತೆಗೆದು ಹತ್ತು ನಿಮಿಷ ಹೊರಗಿರಿ, ಒಳಗೆ ಸ್ವಲ್ಪ ಪಾದರಸ ಇರುತ್ತದೆ.

ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಮಂದವಾಗಿ ಉರಿಯುತ್ತಿದ್ದರೆ ಮೂರು ಕಾರಣ ಇರಬಹುದು. ಸ್ವಿಚ್ ನ್ಯೂಟ್ರಲ್‌ಗೆ ಬಿದ್ದಿರಬಹುದು, ಸ್ವಿಚ್ಚಿನಲ್ಲಿ ಸಣ್ಣ ಸೂಚಕ ದೀಪ ಇರಬಹುದು, ಅಥವಾ ಉದ್ದನೆಯ ವೈರ್ ಪಕ್ಕದ ವೈರಿನಿಂದ ಸ್ವಲ್ಪ ಕರೆಂಟ್ ಹಿಡಿಯುತ್ತಿರಬಹುದು. ಮೊದಲನೆಯದಾದರೆ ಖಂಡಿತ ಸರಿ ಮಾಡಿಸಿ.

ಸೈನ್ ವೇವ್ ಅಲ್ಲದ, ಚೌಕ ಅಲೆಯ ಇನ್ವರ್ಟರ್ ಮೇಲೆ ಅಗ್ಗದ ಕೆಪಾಸಿಟರ್ ಬಲ್ಬ್‌ಗಳು ಜಾಸ್ತಿ ಕರೆಂಟ್ ಎಳೆಯುತ್ತವೆ. ಇನ್ವರ್ಟರ್ ಸಾಲಿನ ದೀಪಗಳು ಮಾತ್ರ ಹೋಗುತ್ತಿದ್ದರೆ ಇದನ್ನು ಅನುಮಾನಿಸಿ, ಆ ಸಾಲಿಗೆ ಒಳ್ಳೆಯ ಡ್ರೈವರ್ ಇರುವ ಬಲ್ಬ್ ಹಾಕಿ ನೋಡಿ.

ಫ್ಯಾನಿಗೆ ಅಂಟಿದ ದೀಪ, ಜೋರಾಗಿ ಬಡಿಯುವ ಬಾಗಿಲ ಪಕ್ಕದ ದೀಪ, ಇಲ್ಲೆಲ್ಲ ಫಿಲಮೆಂಟ್ ಬಾಳುವುದಿಲ್ಲ. ಎಲ್‌ಇಡಿ ಹಾಕಿ, ಫ್ಯಾನಿನ ಅಲುಗಾಟವನ್ನೂ ಸರಿಪಡಿಸಿ. ಹೊರಗಿನ ದೀಪದೊಳಗೆ ನೀರಿನ ಹನಿ, ಹುಳು ಕಂಡರೆ ರಬ್ಬರ್ ವಾಷರ್ ಬದಲಿಸಿ.

ಎಲೆಕ್ಟ್ರಿಷಿಯನ್‌ಗೆ ಏನು ಹೇಳಬೇಕು?

"ಬಲ್ಬ್ ನಿಲ್ತಾ ಇಲ್ಲ" ಅಂತಷ್ಟೇ ಹೇಳಿದರೆ ಅವರೂ ಒಂದು ಹೊಸ ಬಲ್ಬ್ ಹಾಕಿ ಹೋಗಬಹುದು. ಯಾವ ಹೋಲ್ಡರ್, ಯಾವ ತಾರೀಖಿಗೆ ಹಾಕಿದ್ದು, ಯಾವಾಗ ಹೋಯಿತು, ಆಗ ಮನೆಯಲ್ಲಿ ಏನೇನು ಓಡುತ್ತಿತ್ತು, ರಾತ್ರಿ ಮತ್ತು ಸಂಜೆ ವೋಲ್ಟೇಜ್ ಎಷ್ಟಿತ್ತು, ಇಷ್ಟನ್ನು ಚೀಟಿಯಲ್ಲಿ ಬರೆದು ಕೊಡಿ. ಹೋದ ಬಲ್ಬ್‌ಗಳನ್ನೂ ತೋರಿಸಿ. ಬೋರ್ಡಿನಲ್ಲಿ, ಮೀಟರ್ ಪಕ್ಕದಲ್ಲಿ ನ್ಯೂಟ್ರಲ್ ಸ್ಕ್ರೂಗಳನ್ನು ಬಿಗಿ ಮಾಡಿ ನೋಡಲು ಕೇಳಿ. ಅವರು ಹೋಲ್ಡರ್ ಬದಲಿಸಿದರೆ ಹಳೆಯದನ್ನು ಕೇಳಿ ಇಸಿದುಕೊಂಡು ಸ್ಪ್ರಿಂಗ್ ಒತ್ತಿ ನೋಡಿ. ಅದು ಗಟ್ಟಿಯಾಗಿ ಚಿಮ್ಮುತ್ತಿದ್ದು, ಎಲ್ಲೂ ಕರಿಯಾಗಿರದಿದ್ದರೆ ಕಾರಣ ಇನ್ನೂ ಸಿಕ್ಕಿಲ್ಲ. ಆಗ ಶಾಖ ಮತ್ತು ವೋಲ್ಟೇಜ್ ಕಡೆ ಹುಡುಕಾಟ ಮುಂದುವರಿಸಲು ಅವರಿಗೇ ಹೇಳಿ.